ಕೊಳದ ಬಕ ಮತ್ತು ಬಂಡೆಯ ಓತಿಕ್ಯಾತ

ಮಳೆಗಾಲದ ಆರಂಭದಲ್ಲಿ ಹಂಪಿಯ ಸುತ್ತ ನಡೆದಾಡಿದರೆ, ತುಂಗಭದ್ರೆಯ ಕಾಲುವೆ ನೀರು ಹರಿಯುವ ಗದ್ದೆಗಳಲ್ಲಿ ಕೊಳದ ಬಕವೂ ಆ ಗದ್ದೆಗಳಂಚಿನ ಬಂಡೆಗಳ ಮೇಲೆ ಓತಿಕ್ಯಾತವೂ ಕಾಣಸಿಗುತ್ತವೆ. ಬಣ್ಣದ ಮಾತು ಬಂದಾಗ ಓತಿಕ್ಯಾತಕ್ಕೇ ಹೊಗಳಿಕೆ ಸಲ್ಲುತ್ತದೆ. ಬಕವೂ ಬಣ್ಣ ಬದಲಿಸುವ ಜೀವಿಯೇ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ.

ಮಾಸಲು ಕಂದು ಗೆರೆಗಳ ಈ ಹಕ್ಕಿ ಕತ್ತು ಕುಗ್ಗಿಸಿ ಕೆಸರಿನಲ್ಲಿ ನಿಂತಿತೆಂದರೆ, ಅದು ಬೆದರಿ ಬೆಳ್ಳನೆಯ ರೆಕ್ಕೆ ಬಿಚ್ಚುವವರೆಗೂ ಅದರ ಇರವು ತಿಳಿಯುವುದಿಲ್ಲ. ಸಂತಾನದ ಕಾಲಕ್ಕೆ ಮಾತ್ರ ಬೆನ್ನಿನ ಮೇಲೆ ಕಡುಗೆಂಪು ಬೆರೆತ ಕಂದು ಗರಿಗಳೂ ತಲೆಯ ಹಿಂದೆ ಉದ್ದನೆಯ ಗರಿಯೆಳೆಗಳೂ ಮೂಡುತ್ತವೆ. ಬೆಳೆದು ಮುಗಿದ ಗರಿ ನಮ್ಮ ಉಗುರಿನಂತೆ ನಿರ್ಜೀವ ವಸ್ತುವಾದುದರಿಂದ, ಹಳೆಯದು ಉದುರಿ ಹೊಸದು ಬೆಳೆಯದೆ ಹೊಸ ಬಣ್ಣ ಬರುವಂತಿಲ್ಲ; ಹಾಗೆ ಬಂದ ಬಣ್ಣವನ್ನು ಆ ಋತು ಕಳೆಯುವವರೆಗೂ ಹೊತ್ತುಕೊಂಡೇ ಇರಬೇಕು. ಕಾಲುಗಳ ಕತೆ ಬೇರೆ: ಅಲ್ಲಿರುವುದು ಜೀವಂತ ಚರ್ಮ, ಹಾಗಾಗಿ ಜೋಡಿಗೂಡುವ ದಿನಗಳಲ್ಲಿ ಅವು ಸ್ವಲ್ಪ ಕಾಲ ಕೆಂಪೇರುವುದುಂಟು.

ಓತಿಕ್ಯಾತದ ಬಣ್ಣವೆಲ್ಲ ಇಂಥ ಜೀವಂತ ಚರ್ಮದ್ದೇ. ಚರ್ಮದ ಬಣ್ಣಕೋಶಗಳೊಳಗಿನ ಕಣಗಳು ಹರಡಿದರೆ ಮೈ ಕಪ್ಪಾಗುತ್ತದೆ, ಒಂದೆಡೆ ಸೇರಿದರೆ ತಿಳಿಯಾಗುತ್ತದೆ. ಇದಕ್ಕೆ ತಿಂಗಳುಗಳು ಬೇಕಿಲ್ಲ, ಕೆಲವೇ ಕ್ಷಣಗಳೋ ನಿಮಿಷಗಳೋ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಜಾತಿಯ ಗಂಡುಗಳನ್ನು ಅಭ್ಯಸಿಸಿ, ಹೆಣ್ಣಿನ ಮುಂದೆ ಅವುಗಳ ಬೆನ್ನು ಕೆಂಪಾಗಿ ಪಕ್ಕೆಗಳು ಕಪ್ಪಾಗುತ್ತವೆ, ಎದುರಾಳಿ ಗಂಡಿನ ಮುಂದೆ ಬೆನ್ನು ಹಳದಿಗೂ ಪಕ್ಕೆಗಳು ಕಿತ್ತಳೆಗೂ ತಿರುಗುತ್ತವೆ ಎಂದು ತೋರಿಸಿದ್ದಾರೆ. ಬಿಸಿಲಿಗೆ ಕಾದ ಬೋಳುಬಂಡೆಯ ಮೇಲೆ ಇಂಥ ಬಣ್ಣ ಹದ್ದು ಗಿಡುಗಗಳ ಕಣ್ಣಿಗೂ ಬೀಳುವಂಥದ್ದು. ಬೇಕಾದಾಗ ತೋರಿ ಬೇಡವಾದಾಗ ಅಡಗಿಸುವ ಈ ಅನುಕೂಲ ಬಕದ ಗರಿಗಳಿಗಿಲ್ಲ.

ಹಾಗೆಂದು ಓತಿಕ್ಯಾತವೇ ಮೇಲೆಂದು ನಾನು ಒಪ್ಪಲಾರೆ. ಕಂದು ಚುಕ್ಕೆಗಳ ಹೆಣ್ಣು ಓತಿಕ್ಯಾತ ಬಂಡೆಯ ಬಣ್ಣದಲ್ಲೇ ಕರಗಿಹೋಗುತ್ತದೆ. ಮೆರೆಯುವುದೆಲ್ಲ ಗಂಡು, ಮಣ್ಣು ಅಗೆದು ಮೊಟ್ಟೆಯಿಟ್ಟು ಮುಚ್ಚುವ ಕೆಲಸ ಹೆಣ್ಣಿನದು. ಬಕಗಳಲ್ಲಾದರೋ ಗಂಡುಹೆಣ್ಣುಗಳೆರಡೂ ಒಂದೇ ಬಗೆಯ ಹೊಸ ಗರಿ ತೊಡುತ್ತವೆ: ಗಂಡು ತಂದ ಕಡ್ಡಿಗಳನ್ನು ಹೆಣ್ಣು ಗೂಡಾಗಿ ಜೋಡಿಸುತ್ತದೆ, ಕಾವು ಕೊಡುವುದರಲ್ಲೂ ಮರಿಗಳಿಗೆ ಮೀನು ಕಪ್ಪೆ ತಂದುಣಿಸುವುದರಲ್ಲೂ ಎರಡಕ್ಕೂ ಪಾಲಿದೆ. ವಾರಗಟ್ಟಲೆ ಜೊತೆಗೂಡಿ ದುಡಿಯಬೇಕಾದ ಜೋಡಿಗೆ ಕ್ಷಣಕ್ಕೊಮ್ಮೆ ಬದಲಾಗುವ ಬಣ್ಣದಿಂದ ಹೆಚ್ಚಿನ ಲಾಭವೇನೂ ಇರಲಾರದು ಎಂಬುದು ನನ್ನ ಊಹೆ.