‘ಯಾವ ಕ್ರೂಸ್ ಬೆಸ್ಟು?’ ಅಂತ ಕೇಳುವವರಿಗೆಲ್ಲ

ಚಿಕ್ಕಬಳ್ಳಾಪುರದಲ್ಲಿ ಕ್ರೂಸ್, ಅಂದರೆ ಹಡಗಿನ ಪ್ರವಾಸದ ಟಿಕೆಟ್ ಮಾಡಿಸಿಕೊಡುವ ನನ್ನಂಥವರಿಗೆ ದಸರಾ ರಜೆ, ಏಪ್ರಿಲ್ ರಜೆ ಹತ್ತಿರ ಬಂತೆಂದರೆ ಒಂದೇ ಪ್ರಶ್ನೆ: ‘ಸಾರ್, ಮಕ್ಕಳನ್ನ ಕರ್ಕೊಂಡು ಹೋಗಕ್ಕೆ ಯಾವ ಕ್ರೂಸ್ ಬೆಸ್ಟು?’ ಫೋನಿನಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಬಿ.ಬಿ. ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಕೇಳುತ್ತಾರೆ. ಬಾಯಲ್ಲಿ ಹೇಳಿ ಸಾಕಾಗಿದೆ, ಇಲ್ಲಿ ಬರೆದುಬಿಡುತ್ತೇನೆ.

ಬೆಸ್ಟು ಅಂತ ಯಾವುದೂ ಇಲ್ಲ. ಮುಖ ಊದಿಸಿಕೊಳ್ಳಬೇಡಿ. ಮಕ್ಕಳಿಗೆ ಎಷ್ಟು ವರ್ಷ ಅಂತ ನೀವು ಹೇಳಿದಿರಾ? ಕೇಳಿದರೆ ‘ಚಿಕ್ಕವ್ರೇ ಸಾರ್’ ಅನ್ನುತ್ತೀರಿ. ಎಂಟು ತಿಂಗಳ ಕೂಸೂ ಚಿಕ್ಕದೇ, ಎಂಟನೇ ಕ್ಲಾಸಿನ ಹುಡುಗನೂ ನಿಮಗೆ ಚಿಕ್ಕವನೇ. ಹಡಗಿನವರಿಗೆ ಹಾಗಲ್ಲ. ರಾಯಲ್ ಕೆರಿಬಿಯನ್ ಅನ್ನುವ ಹಡಗು ಕಂಪನಿಯಲ್ಲಿ 6 ತಿಂಗಳು ತುಂಬದ ಕೂಸನ್ನು ಹತ್ತಿಸುವುದಿಲ್ಲ. ಹಡಗು ಸತತ ಮೂರು ದಿನ ದಡ ಮುಟ್ಟದೆ ಓಡುವ ಯಾನವಾದರೆ 12 ತಿಂಗಳು ತುಂಬಿರಬೇಕು. ಅವರ ಮಕ್ಕಳ ಕ್ಲಬ್ಬಿಗೆ 3 ವರ್ಷ ಆಗಿರಬೇಕು, ಡಯಾಪರ್ ಬಿಟ್ಟಿರಬೇಕು. ಡಯಾಪರ್ ಹಾಕುವ ಮಗುವನ್ನು ದೊಡ್ಡ ಈಜುಕೊಳಕ್ಕೂ ಇಳಿಸುವಂತಿಲ್ಲ. ಡಿಸ್ನಿ ಕಂಪನಿಯ ಹಡಗಿನಲ್ಲಿ 6 ತಿಂಗಳಿಂದ 3 ವರ್ಷದೊಳಗಿನ ಕೂಸುಗಳನ್ನು ನೋಡಿಕೊಳ್ಳುವ ನರ್ಸರಿ ಇದೆ, ಅದಕ್ಕೆ ಗಂಟೆ ಲೆಕ್ಕದಲ್ಲಿ ಬೇರೆ ದುಡ್ಡು. ವಯಸ್ಸಿನ ಲೆಕ್ಕವೆಲ್ಲ ದಾಖಲೆಯಲ್ಲಿರುವ ಹುಟ್ಟಿದ ತಾರೀಖಿನ ಪ್ರಕಾರ. ‘ಮುಂದಿನ ತಿಂಗಳು ಮೂರು ತುಂಬುತ್ತೆ, ಅಡ್ಜಸ್ಟ್ ಮಾಡ್ಸಿ’ ಅನ್ನುವುದಕ್ಕೆ ಅದು ನಮ್ಮೂರ ಬಸ್ಸಿನ ಅರ್ಧ ಟಿಕೆಟ್ಟಲ್ಲ.

ಹೆಸರು ಬೇಕೇ ಬೇಕು ಅನ್ನುವವರಿಗೆ ಹೇಳುತ್ತೇನೆ. ಪಾಸ್‌ಪೋರ್ಟ್ ಇಲ್ಲ, ಸಮುದ್ರ ಹೇಗಿರುತ್ತದೆ ಅಂತ ನೋಡಬೇಕು ಅಷ್ಟೇ ಅನ್ನುವುದಾದರೆ ಮುಂಬೈಯಿಂದ ಹೊರಡುವ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್. 1990ರಲ್ಲಿ ಕಟ್ಟಿದ ಹಡಗು, ಮೊದಲು ರಾಯಲ್ ಕೆರಿಬಿಯನ್‌ನವರದ್ದೇ. ಟಿವಿಯಲ್ಲಿ ನೋಡಿದ ವಾಟರ್ ಸ್ಲೈಡು ಅಲ್ಲಿ ಹುಡುಕಬೇಡಿ. ಊಟ ನಮ್ಮದು, ಜೈನ ಊಟವೂ ಸಿಗುತ್ತದೆ. ಅಜ್ಜಿ ಜೊತೆಗಿದ್ದರೆ ಅದೇ ದೊಡ್ಡ ಮಾತು. ಲಕ್ಷದ್ವೀಪದ ಯಾನವಾದರೆ ಹಡಗು ದಡಕ್ಕೆ ಹೋಗುವುದಿಲ್ಲ, ನಡುನೀರಲ್ಲಿ ಸಣ್ಣ ದೋಣಿಗೆ ಇಳಿಯಬೇಕು. ಅಲೆ ಜಾಸ್ತಿಯಿದ್ದರೆ ಕ್ಯಾಪ್ಟನ್ ಇಳಿಸುವುದೇ ಇಲ್ಲ. ಅದನ್ನು ಏಜೆಂಟಿನ ಮೋಸ ಅನ್ನಬೇಡಿ.

ಸಿಂಗಾಪುರದಿಂದಾದರೆ ರಾಯಲ್ ಕೆರಿಬಿಯನ್‌ನ ಹಡಗು, ಗೆಂಟಿಂಗ್ ಡ್ರೀಮ್ ಅನ್ನುವ ಹಡಗು, ಡಿಸ್ನಿಯವರ ಡಿಸ್ನಿ ಅಡ್ವೆಂಚರ್. ಆರೇಳು ವರ್ಷ ದಾಟಿದ, ಒಂದು ಕಡೆ ಕೂರದ ಮಕ್ಕಳಿಗೆ ರಾಯಲ್. ಸಸ್ಯಾಹಾರದ ಚಿಂತೆ ಇರುವ ದೊಡ್ಡ ಕುಟುಂಬಕ್ಕೆ ಗೆಂಟಿಂಗ್. ಡಿಸ್ನಿಯ 3-4 ರಾತ್ರಿಯ ಯಾನ ಯಾವ ಊರಿಗೂ ಹೋಗುವುದಿಲ್ಲ, ಸಮುದ್ರದಲ್ಲೇ ಸುತ್ತಿ ವಾಪಸ್. ಮಿಕ್ಕಿ ಮೌಸ್ ಯಾರೆಂದು ಗೊತ್ತಿಲ್ಲದ ಮಗುವಿಗೆ ಅಷ್ಟು ದುಡ್ಡು ಸುರಿಯುವುದು ದಂಡ. ಮೂರರಲ್ಲಿ ಯಾವುದಾದರೂ ಸರಿ, ವೀಸಾ ಮಲ್ಟಿಪಲ್ ಎಂಟ್ರಿ ಇರಬೇಕು. ಹಡಗು ಹತ್ತಿದರೆ ಸಿಂಗಾಪುರ ಬಿಟ್ಟಂತೆ, ಇಳಿದರೆ ಮತ್ತೆ ಒಳಗೆ ಬಂದಂತೆ.

ನಿಜವಾಗಿ ನೀವು ಕೇಳಬೇಕಾದ್ದು ಬೇರೆ: ‘ನಾವು ನಾಲ್ಕು ಜನ, ಯಾವ ಕ್ಯಾಬಿನ್ ತಗೊಳ್ಳೋಣ?’ ಇದನ್ನು ಯಾರಾದರೂ ಕೇಳಿದರೆ ಕೂರಿಸಿ ಕಾಫಿ ಕೊಡುತ್ತೇನೆ. ಯಾಕೆಂದರೆ ರಜೆ ಕೆಡುವುದು ಕಂಪನಿಯಿಂದಲ್ಲ, ಕೋಣೆಯಿಂದ.

ಸಾಮಾನ್ಯ ಕ್ಯಾಬಿನ್‌ನಲ್ಲಿ ನೆಲದ ಮೇಲೆ ಎರಡು ಹಾಸಿಗೆ. ಮೂರನೆಯದು, ನಾಲ್ಕನೆಯದು ಎಷ್ಟೋ ಕಡೆ ರೈಲಿನ ಬರ್ತಿನಂತೆ ಮೇಲಿಂದ ಇಳಿಯುತ್ತವೆ, ಹತ್ತಲು ಏಣಿ. ನಾಲ್ಕು ವರ್ಷದ ಮಗುವನ್ನು ಅಲ್ಲಿ ಮಲಗಿಸಲಾಗುವುದಿಲ್ಲ. ಅದು ಅಮ್ಮನ ಪಕ್ಕ, ಅಪ್ಪ ಮೇಲೆ. ಮೂರನೆಯ, ನಾಲ್ಕನೆಯ ಜನಕ್ಕೆ ದರ ಕಡಿಮೆ ಎಂಬುದು ನಿಜ. ಆದರೆ ಪೋರ್ಟ್ ಚಾರ್ಜು, ತೆರಿಗೆ ಬೇರೆ, ಟಿಪ್ಸ್ ಬೇರೆ. ರಾಯಲ್‌ನಲ್ಲಿ ಸಾಮಾನ್ಯ ಕ್ಯಾಬಿನ್‌ಗೆ ಟಿಪ್ಸ್ ತಲೆಗೆ ದಿನಕ್ಕೆ 18.50 ಡಾಲರ್, ಕೂಸಿಗೂ ಅಷ್ಟೇ. ನಾಲ್ಕು ಜನ, ನಾಲ್ಕು ರಾತ್ರಿ ಅಂದರೆ 296 ಡಾಲರ್, ₹25,000 ದಾಟುತ್ತದೆ. ‘ಆನ್‌ಲೈನಲ್ಲಿ ಕಡಿಮೆ ತೋರಿಸ್ತಿದೆ’ ಅನ್ನುವವರು ಕೊನೆಯ ಪುಟದವರೆಗೆ ಹೋಗಿ ನೋಡಿ, ಆಮೇಲೆ ಜಗಳಕ್ಕೆ ಬನ್ನಿ.

ಎರಡು ಕ್ಯಾಬಿನ್ ತೆಗೆದುಕೊಳ್ಳುವುದಾದರೆ ‘ಕನೆಕ್ಟಿಂಗ್’ ಅಂತಲೇ ಕೇಳಿ. ಅದರಲ್ಲಿ ಒಳಗಿನಿಂದ ಬಾಗಿಲು ಇರುತ್ತದೆ. ‘ಅಡ್ಜಾಯಿನಿಂಗ್’ ಅಂದರೆ ಬರೀ ಅಕ್ಕಪಕ್ಕ; ರಾತ್ರಿ ಮಗು ಅತ್ತರೆ ನೈಟಿಯಲ್ಲೇ ಕಾರಿಡಾರಿಗೆ ಬರಬೇಕು. ‘ಗ್ಯಾರಂಟಿ’ ಕ್ಯಾಬಿನ್ ಅಗ್ಗ, ಆದರೆ ನಂಬರನ್ನು ಕಂಪನಿಯೇ ಆಮೇಲೆ ಕೊಡುತ್ತದೆ. ನಿಮ್ಮದು ಆರನೇ ಮಹಡಿ, ಅತ್ತೆ ಮಾವನದು ಹತ್ತನೇ ಮಹಡಿ ಆದರೆ ಗೊಣಗುವಂತಿಲ್ಲ. (ಕೆಲವರು ಅದನ್ನೇ ಬೇಕೆಂದು ಕೇಳುತ್ತಾರೆ, ಆ ಮಾತು ಬೇರೆ.) ತಲೆಸುತ್ತು, ವಾಂತಿಯ ಭಯವಿದ್ದರೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಮಹಡಿಯಲ್ಲಿ ತಗೊಳ್ಳಿ; ತುದಿಗಳಲ್ಲಿ, ಮೇಲುಮಹಡಿಗಳಲ್ಲಿ ತೂಗಾಟ ಜಾಸ್ತಿ. ನೀವು ಬಸ್ಸಿಗೆ ನುಂಗುವ ಅವೋಮಿನ್ ಮಾತ್ರೆಯನ್ನು 2 ವರ್ಷದೊಳಗಿನ ಮಗುವಿಗೆ ಕೊಡಲೇಬಾರದು; ದೊಡ್ಡ ಮಕ್ಕಳಿಗೂ ಡಾಕ್ಟರನ್ನು ಕೇಳಿಯೇ ಕೊಡಿ.

ಇನ್ನೊಂದು. ನಾಲ್ಕು ಜನ ಮಲಗುವ ಕ್ಯಾಬಿನ್ ಖಾಲಿ ತೋರಿಸಿದರೂ ಕೆಲವೊಮ್ಮೆ ಇಬ್ಬರಿಗೆ ಮಾತ್ರ ಕೊಡುತ್ತಾರೆ. ಆ ಭಾಗದ ಲೈಫ್‌ಬೋಟಿನಲ್ಲಿ ಜಾಗದ ಲೆಕ್ಕ ಮುಗಿದಿರುತ್ತದೆ. ಅದನ್ನು ಯಾವ ಶಿಫಾರಸೂ ಬದಲಿಸುವುದಿಲ್ಲ, ಶಾಸಕರ ಲೆಟರ್ ತರಬೇಡಿ. ಮುಂಚೆ ಬುಕ್ ಮಾಡಿ ಅಂತ ಬಡಕೊಳ್ಳುವುದು ಇದಕ್ಕೇ.

ಸಾಮಾನಿನ ವಿಷಯ. ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ ಯಾವುದನ್ನೂ ಬಿಡುವುದಿಲ್ಲ, ಬೆಂಕಿಯ ಭಯ. ಸ್ಕ್ಯಾನಿಂಗ್‌ನಲ್ಲಿ ಸಿಕ್ಕಿಬಿದ್ದರೆ ನಿಮ್ಮ ಸೂಟ್‌ಕೇಸ್ ಅಲ್ಲೇ ಉಳಿಯುತ್ತದೆ. ಸಿಂಗಾಪುರಕ್ಕೆ ಕರ್ಜಿಕಾಯಿ ಕಟ್ಟುವ ಅಜ್ಜಿಗೆ ಗಸಗಸೆ ಹಾಕಬೇಡಿ ಅಂತ ಹೇಳಿ, ಅಲ್ಲಿ ಅನುಮತಿಯಿಲ್ಲದೆ ಅದನ್ನು ಒಯ್ಯುವಂತಿಲ್ಲ. ಹತ್ತುವ ದಿನ ದೊಡ್ಡ ಲಗೇಜು ಕೋಣೆಗೆ ಬರುವಾಗ ಸಂಜೆಯಾಗಬಹುದು, ಮಕ್ಕಳ ಈಜುಬಟ್ಟೆ, ಔಷಧಿ ಕೈಚೀಲದಲ್ಲಿರಲಿ. ಇಳಿಯುವ ಹಿಂದಿನ ರಾತ್ರಿ ಸೂಟ್‌ಕೇಸನ್ನು ಟ್ಯಾಗ್ ಕಟ್ಟಿ ಬಾಗಿಲಾಚೆ ಇಡಬೇಕು, ಅದು ಕೈಗೆ ಸಿಗುವುದು ಮರುದಿನ ಟರ್ಮಿನಲ್‌ನಲ್ಲಿ. ಬೆಳಗ್ಗೆ ಹಾಕುವ ಪ್ಯಾಂಟು, ಚಪ್ಪಲಿ ಹೊರಗೆ ತೆಗೆದಿಟ್ಟುಕೊಂಡು ಆಮೇಲೆ ಬೀಗ ಹಾಕಿ.