ಟಾಟಾ ಇನ್‌ಸ್ಟಿಟ್ಯೂಟಿನ ಗಂಧದೆಣ್ಣೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಊರವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಅಂದ ಕೂಡಲೇ ರಾಮನ್, ಭಾಭಾ, ಸಾರಾಭಾಯ್ ಹೆಸರು ಬಂದೇ ಬರುತ್ತದೆ. ರಸಾಯನಶಾಸ್ತ್ರ ಓದಿದ ನಮ್ಮಂಥವರು ಗಂಧದೆಣ್ಣೆಯನ್ನೂ ಆ ಸಾಲಿಗೆ ಸೇರಿಸಬೇಕು.

ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು. 1909ರಲ್ಲಿ ಸಂಸ್ಥೆ ಸ್ಥಾಪನೆಯಾಗಿ, 1911ರಲ್ಲಿ ಮೊದಲ ತಂಡ ಸೇರಿತು. ಆಗ ಇದ್ದದ್ದು ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಜ್ಞಾನ, ಅಷ್ಟೇ. 1914ರ ಯುದ್ಧಕ್ಕೆ ಮುಂಚೆ ಸಂಸ್ಥಾನದ ಗಂಧದ ಮರ ಹರಾಜಾಗಿ ಹೆಚ್ಚಿನ ಪಾಲು ಜರ್ಮನಿಗೆ ಹೋಗುತ್ತಿತ್ತು. ಯುದ್ಧ ಬಂತು, ಕೊಳ್ಳುವವರಿಲ್ಲ. ಕೈಗಾರಿಕೆ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ ಮುತುವರ್ಜಿಯಿಂದ ನಮ್ಮ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಎಣ್ಣೆ ತೆಗೆಯುವ ಪ್ರಯೋಗ ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲೇ ಸರ್ಕಾರಿ ಕಾರ್ಖಾನೆ ಶುರುವಾಯಿತು. ಮೈಸೂರು ಸ್ಯಾಂಡಲ್ ಸೋಪಿನ ಪರಿಮಳಕ್ಕೆ ಬುನಾದಿ ಇದೇ.

ಕೆಲಸ ಕೇಳಲು ಸುಲಭ. ಹೊರಗಿನ ಬಿಳಿ ಮರದಲ್ಲಿ ಎಣ್ಣೆ ಇರುವುದಿಲ್ಲ ಅನ್ನಬಹುದು, ಅದನ್ನು ಕೆತ್ತಿ ತೆಗೆಯಬೇಕು. ಬೇಕಾದದ್ದು ಚೇಗು, ಅಂದರೆ ಒಳಗಿನ ಗಟ್ಟಿ ಮರ, ಅದಕ್ಕಿಂತಲೂ ಬೇರು. ಚಕ್ಕೆ ಮಾಡಿ, ಪುಡಿ ಮಾಡಿ, ಪಾತ್ರೆಗೆ ತುಂಬಿ ಹಬೆ ಹಾಯಿಸುತ್ತಾರೆ. ಪುಡಿ ತೀರಾ ನುಣ್ಣಗಾದರೆ ಗಟ್ಟಿಯಾಗಿ ಕೂತು, ಹಬೆ ಒಂದೆರಡು ಕಡೆ ದಾರಿ ಕೊರೆದುಕೊಂಡು ಮೇಲೆ ಹೋಗುತ್ತದೆ. ಉಳಿದ ಪುಡಿಯ ಎಣ್ಣೆ ಅಲ್ಲೇ ಉಳಿಯುತ್ತದೆ. ದಪ್ಪವಾದರೆ ಒಳಗಿನದ್ದು ಹೊರಗೆ ಬರಲೊಲ್ಲದು. ಗಂಧದೆಣ್ಣೆಗೆ ಪರಿಮಳ ಕೊಡುವ ಸ್ಯಾಂಟಲಾಲ್‌ಗಳು ಸುಲಭಕ್ಕೆ ಆವಿಯಾಗುವಂಥವಲ್ಲ, ಹಾಗಾಗಿ ಒಂದು ಬಟ್ಟಿಗೆ ಎರಡು ಮೂರು ದಿನ ಹಿಡಿಯುತ್ತದೆ. ಅವಸರದಲ್ಲಿ ಬೇಗ ನಿಲ್ಲಿಸಿದವರು ಕಳೆದುಕೊಳ್ಳುವುದು ಕೊನೆಯಲ್ಲಿ ಬರುವ ಒಳ್ಳೆಯ ಪಾಲನ್ನೇ. 100 ಕಿಲೋ ಚೇಗಿಗೆ 4ರಿಂದ 6 ಕಿಲೋ ಎಣ್ಣೆ ಸಿಕ್ಕರೆ ಸರಿ.

ಇನ್ನೊಂದು ತಾಪತ್ರಯ ಹಬೆ ತಣಿದು ನೀರು, ಎಣ್ಣೆ ಒಟ್ಟಿಗೆ ಇಳಿದ ಮೇಲೆ. ಎಣ್ಣೆಯ ಸಾಂದ್ರತೆ ಸುಮಾರು 0.97, ನೀರಿಗಿಂತ ಒಂಚೂರು ಮಾತ್ರ ಕಡಿಮೆ. ಅದಕ್ಕೇ ಅದು ತಟ್ಟನೆ ತೇಲಿ ಬೇರಾಗುವುದಿಲ್ಲ, ಹನಿಗಳು ನೀರಲ್ಲೇ ಸುತ್ತಾಡುತ್ತವೆ. ನಿಧಾನಕ್ಕೆ ನಿಲ್ಲಲು ಬಿಟ್ಟು, ಉಳಿದ ನೀರನ್ನು ಮತ್ತೆ ಬಟ್ಟಿಗೇ ಹಾಕಬೇಕು.

ಕ್ಯಾಂಪಸ್ಸಿನ ಗುಲ್‌ಮೊಹರ್, ಮಹಾಗನಿ ಸಾಲುಗಳನ್ನು ಎಲ್ಲರೂ ಹೊಗಳುತ್ತಾರೆ. ಬರಡು ಬಯಲಿನಲ್ಲಿ ಎದ್ದ ಹಸಿರು ಅದು, ಹೊಗಳಲಿ. ಪೊದೆಗಾಡಿನ ಕಡೆ ತಾನಾಗಿ ಬೆಳೆದ ಗಂಧದ ಗಿಡಗಳೂ ಇವೆ. ಅವು ನೆಲದಡಿ ಪಕ್ಕದ ಗಿಡದ ಬೇರಿಗೆ ಬೇರು ಹಾಕಿ ನೀರು, ಲವಣ ಹೀರುತ್ತವೆ. ಮನೆಯ ಕುಂಡದಲ್ಲಿ ಒಂಟಿಯಾಗಿ ನೆಟ್ಟ ಸಸಿ ಹಳದಿಯಾಗಿ ಸೊರಗುವುದು ಇದಕ್ಕೇ. ಪಕ್ಕದಲ್ಲಿ ಒಂದು ತೊಗರಿ ಗಿಡ ಹಾಕಿ ನೋಡಿ.