ಇಕ್ಕಳ ಹಿಡಿದವರ ತಟ್ಟೆ

ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಸಮ್‌ಗ್ಯೊಪ್ಸಲ್ ಅಂಗಡಿಗೆ ಒಬ್ಬರೇ ಹೋಗಬೇಡಿ. ಬಹಳ ಕಡೆ ಮೊದಲ ಆರ್ಡರ್ ಕನಿಷ್ಠ ಎರಡು ಪಾಲು. ಒಂದು ಪಾಲೆಂದರೆ ಸುಮಾರು 150ರಿಂದ 200 ಗ್ರಾಂ. ಹೆಸರಿನ ಅರ್ಥವೇ ಮೂರು ಪದರದ ಮಾಂಸ. ಹಂದಿಯ ಹೊಟ್ಟೆಭಾಗ, ಮಾಂಸ ಕೊಬ್ಬು ಸಾಲುಸಾಲಾಗಿ. ಮೇಜಿನ ಮೇಲಿನ ಕಾವಲಿಯಲ್ಲಿ ಹೆಚ್ಚಾಗಿ ನಾವೇ ಸುಟ್ಟುಕೊಂಡು ತಿನ್ನುವುದು.

ಕೆಡುವುದು ಹೆಚ್ಚಾಗಿ ಅವಸರದಿಂದ. ಕಾವಲಿ ಚೆನ್ನಾಗಿ ಕಾಯುವ ಮೊದಲೇ ಹಾಕಿದರೆ ಮಾಂಸ ತಳ ಹಿಡಿಯುತ್ತದೆ. ಒತ್ತೊತ್ತಾಗಿ ತುಂಬಿದರೆ ನೀರು ಬಿಟ್ಟುಕೊಂಡು ಬೇಯುತ್ತದೆ, ಹೊರಗೆ ಗರಿ ಬರುವುದಿಲ್ಲ. ಇಟ್ಟ ಕೂಡಲೇ ಚುಂಯ್ ಎನ್ನಬೇಕು. ಒಂದು ಬದಿ ಹೊಂಬಣ್ಣಕ್ಕೆ ಬಂದ ಮೇಲೆ ತಿರುವಿ. ಎರಡೂ ಬದಿ ಆದ ಮೇಲೆ ಕತ್ತರಿಯಿಂದ ತುಂಡು ಮಾಡಿ, ಕತ್ತರಿಸಿದ ಬದಿಗಳನ್ನೂ ಸುಡಿ. ಮೊದಲೇ ತುಂಡು ಮಾಡಿದರೆ ರಸ ಹೋಗಿ ಒಣಗುತ್ತದೆ. ಕಾವಲಿ ಓರೆಯಾಗಿರುವುದು ಕೊಬ್ಬು ಇಳಿಯಲೆಂದು. ಆ ಇಳಿಜಾರಿನ ತುದಿಯಲ್ಲಿ ಕಿಮ್ಚಿ, ಅಂದರೆ ಹುಳಿ ಬರಿಸಿದ ಖಾರದ ಎಲೆಕೋಸು, ಇಡಿ. ಹಂದಿ ಕೊಬ್ಬಿಗೆ ಹುಳಿ ಬೇಕೆಂಬುದು ಕೊಡಗಿನ ಕಾಚಂಪುಳಿಗೂ ಗೊತ್ತು, ಹುಳಿತ ಕಿಮ್ಚಿಗೂ ಗೊತ್ತು.

ಲೆಟ್ಯೂಸ್ ಎಲೆ, ಅದರ ಮೇಲೆ ಪೆರಿಲಾ ಎಂಬ ಘಮದ ಎಲೆ, ಒಂದು ತುಂಡು ಮಾಂಸ, ಬೆಳ್ಳುಳ್ಳಿ ಚೂರು, ಕಡಲೆಕಾಳಿನಷ್ಟು ಸ್ಸಮ್‌ಜಾಂಗ್ ಎಂಬ ಖಾರದ ಸೋಯಾ ಗೊಜ್ಜು. ಮಡಚಿ ಒಂದೇ ತುತ್ತು. ಅರ್ಧ ಕಚ್ಚಿದರೆ ಎಲ್ಲ ಸುರಿದುಹೋಗುತ್ತದೆ.

ಇಕ್ಕಳ ಹಿಡಿದವರ ತಟ್ಟೆ ಮಾತ್ರ ಸದಾ ಖಾಲಿ. ಎದುರಿಗಿದ್ದವರು ಒಂದು ಎಲೆ ಕಟ್ಟಿ ಅವರ ಬಾಯಿಗಿಡುತ್ತಾರೆ. ನಮ್ಮ ಮನೆಗಳಲ್ಲಿ ದೋಸೆ ಹುಯ್ಯುತ್ತ ನಿಂತವರಿಗೆ ಬಿಸಿಬಿಸಿ ಒಂದು ಚೂರು ಯಾರಾದರೂ ಹೀಗೆ ತಿನ್ನಿಸುತ್ತೇವಾ?

ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳಿ. ಹಲವೆಡೆ ಕೊನೆಗೆ ಅದೇ ಕಾವಲಿಯ ಕೊಬ್ಬಿನಲ್ಲಿ, ಉಳಿದ ಕಿಮ್ಚಿ ಸೇರಿಸಿ ಅನ್ನ ಹುರಿದುಕೊಡುತ್ತಾರೆ.